ಬಿಷಪ್ಪರ ಕೆಳಗಿನ ಬಿಷಪ್

ಮೊನ್ನೆ ಮೊಮ್ಮಗಳು ಊಟದ ಮೇಜಿಗೆ ಜೇನುಮೇಣದ ಪಾಲಿಶ್ ಹಚ್ಚುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಕಾಫಿ ಮರೆತುಹೋಯಿತು... ಪಕ್ಕದ ಮನೆಯಾಕೆಯ ಕೈಗಳಿಗೆ ಸದಾ ಅದೇ ವಾಸನೆ.

ನಾವು ಇಂಗ್ಲೆಂಡಿನ ಲೆಸ್ಟರಿಗೆ ಬರುವ ಹೊತ್ತಿಗೆ ಆಕೆ ಗಂಡನನ್ನು ಕಳೆದುಕೊಂಡಿದ್ದರು. ಮಕ್ಕಳಿರಲಿಲ್ಲ. ಹಳೆಯ ಕೆಥೀಡ್ರಲ್ ಒಂದರಲ್ಲಿ ವಾಲಂಟಿಯರ್ ಗೈಡ್. ಅಲ್ಲಿನ ಬೆಂಚುಗಳಿಗೆ ಪಾಲಿಶ್ ಹಾಕುವುದೂ ಅವರೇ. ನಮ್ಮ ಯಜಮಾನರು ಆಸ್ಪತ್ರೆಯ ಡ್ಯೂಟಿಯಲ್ಲಿ ಮುಳುಗಿದ್ದ ಒಂದು ಶನಿವಾರ ಆಕೆ ನನ್ನನ್ನೂ ಕರೆದೊಯ್ದರು.

ಅಲ್ಲೊಬ್ಬ ಮಧ್ಯಯುಗದ ಬಿಷಪ್ಪನ ಸಮಾಧಿ. ಉಣ್ಣೆ ವ್ಯಾಪಾರಿಯ ಮಗ, ಅರಮನೆಯ ಗುಮಾಸ್ತನಾಗಿ ಸೇರಿ ರಾಜಮುದ್ರೆ ಕಾಯುವವರೆಗೂ ಏರಿದ. ದೊರೆಗೆ ಫ್ರಾನ್ಸಿನಲ್ಲಿ ಹೆಣ್ಣು ಗೊತ್ತುಮಾಡಿದ. ಅದಕ್ಕೆ ಉಡುಗೊರೆಯಾಗಿ ಸಿಕ್ಕಿದ್ದು ಬಿಷಪ್ ಪದವಿ. ಆದರೂ ಈ ಕಡೆ ತಲೆ ಹಾಕಿದ್ದು ದೊರೆ ಪಟ್ಟ ಕಳೆದುಕೊಂಡ ಮೇಲೆಯೇ. ಮೈಸೂರಿನ ಕಾನ್ವೆಂಟಿನಲ್ಲಿ ಬಿಷಪ್ಪರ ಉಂಗುರಕ್ಕೆ ಮುತ್ತಿಟ್ಟು ಬೆಳೆದ ನನಗೆ ಅಷ್ಟೇ ಸಾಕಿತ್ತು ಶಾಕ್ ಆಗಲು. ಆಮೇಲೆ ಆಕೆ, ಬಗ್ಗಿ ನೋಡು ಎಂದರು. ಮೇಲೆ ಎತ್ತರದ ಟೋಪಿ ತೊಟ್ಟು, ದಂಡ ಹಿಡಿದು ಮಲಗಿದ ಕಲ್ಲಿನ ಬಿಷಪ್. ಕೆಳಗಿನ ಗೂಡಿನಲ್ಲಿ ಅದೇ ಮನುಷ್ಯ: ಬತ್ತಲೆ, ಪಕ್ಕೆಲುಬು ಎದ್ದ ಹೆಣ. ಬದುಕಿರುವಾಗಲೇ ಕೆತ್ತಿಸಿಕೊಂಡು, ಅದರ ಮುಂದೆ ಹಾದೇ ದಿನವೂ ಪ್ರಾರ್ಥನೆಗೆ ಹೋಗುತ್ತಿದ್ದನಂತೆ.

ಬರುವ ದಾರಿಯಲ್ಲಿ ಆಕೆ ಸ್ಮಶಾನದ ಬಳಿ ಕಾರು ನಿಲ್ಲಿಸಿದರು. ಗಂಡನ ಸಮಾಧಿಕಲ್ಲಿನಲ್ಲಿ, ಅವನ ಹೆಸರಿನ ಕೆಳಗೆ, ಆಕೆಯದೇ ಹೆಸರು! ಹುಟ್ಟಿದ ವರ್ಷ, ಒಂದು ಗೆರೆ, ಆಮೇಲೆ ಬರೀ ಕಲ್ಲು...

"ಇದನ್ನ ತುಂಬಿಸೋರು ನಂಗ್ಯಾರೂ ಇಲ್ಲ, ಡಕ್. ನೀನು ನೋಡ್ಕೋತೀಯಾ?" ಲೆಸ್ಟರಿನವರ ರೂಢಿಯಂತೆ ನನ್ನನ್ನು ಅಕ್ಕರೆಯಿಂದ ಹಾಗೇ ಕರೆಯುತ್ತಿದ್ದರು.

"ಮೊದಲು ಬಿಡ್ತು ಅನ್ನಿ," ಎಂದೆ, ಗಾಬರಿಯಲ್ಲಿ ಕನ್ನಡದಲ್ಲೇ. ಅಶುಭ ಬಾಯಿಂದ ಬಂದರೆ ಹಾಗೆ ಹೇಳಿ ತೊಡೆದುಹಾಕಬೇಕೆಂದು ವಿವರಿಸಿದೆ.

"ಬಿಡ್ಟು. ಸರಿ, ಈಗ ಉತ್ತರ ಹೇಳು."

ನಾನು ಹೂಂ ಅನ್ನಲಿಲ್ಲ. ಹೇಗೆ ಅನ್ನಲಿ? ಅಂದಿನಿಂದ ಕೌನ್ಸಿಲ್ ಟ್ಯಾಕ್ಸ್ ಏರಿದರೂ, ಕೇಕ್ ಹೊತ್ತಿದರೂ ಬೇಲಿಯಾಚೆಯಿಂದ "ಬಿಡ್ಟು" ಕೇಳುತ್ತಿತ್ತು. ಕಲ್ಲಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ಆಕೆ ತೀರಿಹೋದ ಮೇಲೆ, ಹಿಂಜರಿಯುತ್ತಲೇ ಕಲ್ಲುಕೆತ್ತುವವನ ಶೆಡ್ಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಸುತ್ತಿಗೆ ಕೆಳಗಿಟ್ಟ.

"ಪಕ್ಕದ ಮನೆಯವರಾ? 'ಹೂಂ ಅನ್ನಲ್ಲ, ಆದ್ರೆ ಬಂದೇ ಬರ್ತಾಳೆ' ಅಂತ ಹೇಳಿಟ್ಟಿದ್ರು."

ಅಲ್ಲೇ ಸ್ಟೂಲಿನ ಮೇಲೆ ಕೂತು, ಗೆರೆಯ ಮುಂದಿನ ವರ್ಷವನ್ನು ಚೀಟಿಯಲ್ಲಿ ಬರೆದುಕೊಟ್ಟೆ.

ಮೊನ್ನೆ ಮೊಮ್ಮಗಳಿಗೆ, ನಾನು ಹೋದ ಮೇಲೆ ಈ ಮೇಜು ನಿನಗೇ ಎಂದೆ. ಬಟ್ಟೆ ಹಿಡಿದ ಕೈ ನಿಲ್ಲಿಸಿ, "ಡೋಂಟ್ ಸೇ ದಟ್, ಅಜ್ಜಿ" ಎಂದಳು. ಬಿಡ್ತು ಅನ್ನಲು ಹೇಳಿಕೊಡೋಣವೆಂದುಕೊಂಡೆ... ಆಗಲಿಲ್ಲ. ನಮ್ಮ ಮನೆ ಬಿಟ್ಟರೆ ಈ ಬೀದಿಯಲ್ಲಿ ಆ ಮಾತು ಬಲ್ಲವರಾಗಿದ್ದದ್ದು ಬೇಲಿಯಾಚೆಯ ಆಕೆ ಒಬ್ಬರೇ.