ದೃಷ್ಟಿ ತೆಗೆದಾಗಲೆಲ್ಲ ನಕ್ಕಳು

ಮಗಳ ಮೊದಲ ವರ್ಷದ ಹುಟ್ಟುಹಬ್ಬಕ್ಕೆ ಬ್ಯಾಡರಹಳ್ಳಿಯ ನೆಂಟರೆಲ್ಲ ಮಲ್ಲತ್ತಹಳ್ಳಿಯ ನಮ್ಮ ಮನೆಗೆ ಬಂದಿದ್ದರು. ಗುಂಡುಗುಂಡಾಗಿದ್ದ ಮಗುವನ್ನು ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ದಾಟಿಸುತ್ತಲೇ ಇದ್ದರು. ಮಾರನೆಯ ಬೆಳಿಗ್ಗೆ ಅವಳು ಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡು ಕಿರುಚಿ, ಕುಡಿದ ಹಾಲನ್ನೆಲ್ಲ ಕಕ್ಕಿದಳು.

ಅತ್ತೆಗೆ ಅನುಮಾನವೇ ಇರಲಿಲ್ಲ. "ನಾನ್ ಹೇಳ್ಲಿಲ್ವಾ? ಆ ಜನ ಕಣ್ಣಲ್ಲೇ ನುಂಗ್ತಾ ಇದ್ರು." ಉಪ್ಪು, ಒಣಮೆಣಸಿನಕಾಯಿ ಹಿಡಿದು ಮಗುವಿಗೆ ನಿವಾಳಿಸಿ ಧೂಪದ ಕೆಂಡಕ್ಕೆ ಹಾಕಿದರು. ಘಾಟೇ ಬರಲಿಲ್ಲ. "ನೋಡಿದ್ಯಾ, ಎಂಥಾ ಕೆಟ್ಟ ಕಣ್ಣು!" ಅಂದರು. ಅಷ್ಟರಲ್ಲಿ ಮಗಳು ಅಳು ನಿಲ್ಲಿಸಿ, ನನ್ನ ಬಳೆ ಎಳೆದು ನಕ್ಕಳು.

ಅಯ್ಯೋ, ಆ ನಗು! ಅದೇ ನಮ್ಮ ಮನೆ ಹಾಳು ಮಾಡಿದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಕಿರುಚಾಟ, ಮತ್ತೆ ವಾಂತಿ. ಅತ್ತೆ ಮತ್ತೆ ನಿವಾಳಿಸಿದರು, ಮಗು ಮತ್ತೆ ಸುಮ್ಮನಾಯಿತು. ಆಸ್ಪತ್ರೆಗೆ ಹೋಗೋಣ ಅಂದರೆ, "ಆಡ್ತಾ ಇರೋ ಮಗೂಗೆ ಸೂಜಿ ಚುಚ್ಚಿಸ್ತೀಯೇನೇ?" ಎಂದು ನನ್ನ ಮೇಲೇ ರೇಗಿದರು. ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದ ಗಂಡನಿಗೆ ಫೋನ್ ಮಾಡಿದೆ. "ಅಮ್ಮ ಮೂರು ಮಕ್ಕಳನ್ನ ಸಾಕಿದಾರೆ ಕಣೇ, ಅವರಿಗೆ ಗೊತ್ತಿರಲ್ವಾ?" ಅಂದರು ಪುಣ್ಯಾತ್ಮರು.

ಮರುದಿನ ವಾಂತಿ ಹಸಿರಾಯಿತು. ಅತ್ತೆಯ ಮುಖ ಅರಳಿತು. "ಅಬ್ಬಾ, ಪಿತ್ತ ಎಲ್ಲಾ ಬಿತ್ತು. ಇನ್ನೇನೂ ಭಯ ಇಲ್ಲ" ಎಂದು ಜೀರಿಗೆ ನೀರು ಕುದಿಸಲು ಎದ್ದರು. ಮಗು ಈಗ ಅಳುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ. ಕುತ್ತಿಗೆ ನನ್ನ ಭುಜದ ಮೇಲೆ ವಾಲಿತ್ತು. ಡೈಪರ್ ಬಿಚ್ಚಿದರೆ ಕೆಂಪಗೆ, ಜೆಲ್ಲಿಯ ಹಾಗೆ ರಕ್ತ. ಯಾರನ್ನೂ ಕೇಳಲಿಲ್ಲ, ಚಪ್ಪಲಿಯನ್ನೂ ಹಾಕದೆ ಓಡಿ ಆಟೊ ಹತ್ತಿದೆ.

ಸ್ಕ್ಯಾನ್ ನೋಡಿದ ಡಾಕ್ಟರು ಕುರ್ಚಿ ಎಳೆದು ನನ್ನ ಎದುರು ಕೂತರು. "ಕರುಳಿನ ಒಂದು ಭಾಗ ಇನ್ನೊಂದರೊಳಗೆ ತೂರ್ಕೊಂಡು ರಕ್ತ ಓಡಾಟ ನಿಂತುಹೋಗಿದೆ ಅಮ್ಮ. ಈ ನೋವು ಬರುತ್ತೆ, ಹೋಗುತ್ತೆ. ನಡುವೆ ಮಗು ಚೆನ್ನಾಗೇ ಆಡುತ್ತೆ. ಹಸಿರು ವಾಂತಿ ಆದ್ರಂತೂ ಒಂದು ಕ್ಷಣಾನೂ ಕಾಯಬಾರದು. ನಿನ್ನೇನೇ ಬಂದಿದ್ರೆ ಆಪರೇಷನ್ ಇಲ್ದೇನೇ ಸರಿಹೋಗ್ತಿತ್ತೇನೋ." ಆಪರೇಷನ್ ಮಾಡಿದರು. ಒಳಗೆ ಕರುಳು ಕಪ್ಪಾಗಿತ್ತಂತೆ. ನನ್ನ ಮಗಳು ಉಳಿಯಲಿಲ್ಲ.

ಈಗ ನನಗೆ ಎಲ್ಲಾ ಗೊತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಸುಡಲಿ, ಯಾರಿಗೆ ಬೇಕು ಈ ತಿಳಿವಳಿಕೆ?

ಆದರೂ ಸುಮ್ಮನಿರಲಾಗುವುದಿಲ್ಲ. ಮೊನ್ನೆ ಎದುರುಮನೆಯ ಹುಡುಗಿ, ಬೆಳಗಿನಿಂದ ವಾಂತಿ ಮಾಡುತ್ತಿದ್ದ ತನ್ನ ಮಗುವನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಳು. "ಮೊದಲು ಆಸ್ಪತ್ರೆಗೆ ಓಡು" ಅಂದೆ. ಅವಳು ನನ್ನನ್ನು ಬಿಟ್ಟು ಅತ್ತೆಯ ಮುಖ ನೋಡಿದಳು.

ಅತ್ತೆ ಮಗುವಿನ ಹಣೆ ಸವರಿದರು. "ಇವಳ ಮಾತು ಕೇಳಬೇಡ ಕಣಮ್ಮ. ಮನೇಲಿದ್ದಷ್ಟು ಹೊತ್ತೂ ನಮ್ಮ ಮಗು ಬದುಕೇ ಇತ್ತು. ಸತ್ತಿದ್ದು ಆಸ್ಪತ್ರೇಲಿ."