ಪಂಪವ್ವನ ಫ್ರಾಕು

ಮಾನಮಿ ಅಮಾಸಿ ಬಂತಂದ್ರ ಆರು ವರ್ಷದ ರಾಜಶ್ರೀ ಕಾಲು ಸಿಂಧನೂರಾಗ ನಿಲ್ಲತಿದ್ದಿಲ್ಲ. ಗುರುಗುಂಟಾದ ಅಜ್ಜನ ಮನಿಗೆ ಮಸ್ಕಿಯಿಂದ ದೊಡ್ಡಪ್ಪನ ಮಕ್ಕಳು, ಬಳಗಾನೂರಿಂದ ಅತ್ತಿ ಮಕ್ಕಳು, ಒಟ್ಟು ಹನ್ನೊಂದು ಹುಡುಗ್ರು ಕೂಡ್ತಿದ್ವು. ಹತ್ತು ಗಂಡು, ಈಕಿ ಒಬ್ಬಾಕಿ ಹೆಣ್ಣು. ಅದಕ್ಕ ಅಜ್ಜ ಅಮರಗುಂಡಪ್ಪ ಈಕಿನ್ನ ಹೆಗಲ ಮ್ಯಾಲಿಂದ ಇಳಸ್ತಿದ್ದಿಲ್ಲ.

ಅವತ್ತು ಹಿರೇರಿಗೆ ಎಡಿ ಹಿಡಿಯೋ ದಿನ. ಸತ್ತ ಹಿರೇರ ಹೆಸರಿಲೆ ಹೋಳಿಗಿ, ಕಡಬು, ಹೊಸ ಧೋತರ, ಹೊಸ ಸೀರಿ ನಡುಮನ್ಯಾಗ ಇಟ್ಟು, ಬಾಗಿಲ ಮುಚ್ಚಿ, ಮನಿಮಂದಿ ಎಲ್ಲಾ ಅಂಗಳಕ್ಕ ಬರಬೇಕು. ಒಳಗ ಬೆಕ್ಕು ಸೈತ ಇರಬಾರದು. ಹಿರೇರು ಬಂದು ಉಂಡು ಹೋಗತಾರ, ಉಣ್ಣೋರ ಮಾರಿ ನಾವು ನೋಡಬಾರದು. ಆಮ್ಯಾಲ ಆ ಅರಿವಿ ಮನ್ಯಾಗಿನವರ ಉಡತಾರ.

ಒಂದ ಅರಿವಿ ಮಾತ್ರ ಯಾರೂ ಮುಟ್ಟತಿದ್ದಿಲ್ಲ. ಅದು ಮುತ್ತಜ್ಜಿ ಕಸ್ತೂರೆಮ್ಮ ಇಡೋ ಸಣ್ಣ ಫ್ರಾಕು. ಅಮರಗುಂಡಪ್ಪನ ಅಕ್ಕ ಪಂಪವ್ವ ಆರು ವರ್ಷದಾಕಿ ಇದ್ದಾಗ ಹಬ್ಬಕ್ಕ ಹೊಸ ಫ್ರಾಕು ಬೇಕಂತ ಹಟ ಹಿಡಿದು ಅತ್ತಿದ್ಲು. 'ಮುಂದಿನ ವರ್ಷ ಕೊಡಸ್ತೀನಿ, ಸುಮ್ಕಿರು' ಅಂತ ಕಸ್ತೂರೆಮ್ಮ ಒಂದು ಏಟು ಹಾಕಿದ್ಲು. ವಾರದಾಗ ಜ್ವರ ಬಂದು ಕೂಸು ಹೋತು. ಅರವತ್ತು ವರ್ಷ ಆತು, ವರ್ಷಕ್ಕೊಂದು ಫ್ರಾಕು. ಬಾಗಿಲ ತಗದ ಕೂಡ್ಲೆ ಮುದುಕಿ ಮೊದಲು ಅದನ್ನ ಮುಟ್ಟಿ ನೋಡತಾಳ. ಇಟ್ಟ ಮಡಿಕಿ ಇಟ್ಟಂಗ ಇರತೈತಿ. 'ನನ್ನ ಮಗಳ ಸಿಟ್ಟು ಇನ್ನಾ ಹೋಗಿಲ್ಲ' ಅಂತ ಟ್ರಂಕಿನ್ಯಾಗ ಹಾಕತಾಳ. ಸಾಯೋದರಾಗ ಒಮ್ಮೆರ ಮಗಳು ಆ ಅರಿವಿ ಮುಟ್ಟಬೇಕು, ಆಕಿಗೆ ಬ್ಯಾರೆ ಆಸಿ ಇಲ್ಲ.

ಈ ವರ್ಷದ್ದು ಲಿಂಗಸುಗೂರಿಂದ ತಂದಿದ್ದು. ಅರಿಶಿಣ ಬಣ್ಣ, ಬೆನ್ನಿಗೆ ಐದು ಗುಂಡಿ. ರಾಜಶ್ರೀ ಕಣ್ಣು ಅದರ ಮ್ಯಾಲ ಬಿತ್ತು. ಸತ್ತವರದ್ಯಾವುದು, ಇದ್ದವರದ್ಯಾವುದು, ಕೂಸಿಗೇನು ಗೊತ್ತು? ಹೊರಸಿನ ಕೆಳಗ ಹೊಕ್ಕು ಕುಂತ್ಲು. ಅಂಗಳದಾಗ ಅಜ್ಜ ಹುಡುಗ್ರನ್ನ ಎಣಿಸಿದ. ಬಾಜೂ ಮನಿ ದ್ಯಾವಪ್ಪನ ಮಗನೂ ಸಾಲಿನ್ಯಾಗ ನಿಂತಿದ್ದ, ಹನ್ನೊಂದು ಸರಿಹೋತು. ತಲಿ ಎಣಿಸಿದ, ಮಾರಿ ನೋಡಲಿಲ್ಲ, ಏನು ಹಿರೇ ಮನಷ್ಯಾನೋ! ಬಾಗಿಲ ಮುಚ್ಚಿದ್ರು.

ಹೊರಗ ನಡು ಮಧ್ಯಾಹ್ನ. ಒಳಗ ದೀಪದ ಬೆಳಕಷ್ಟ. ಬಾಗಿಲ ಹಾಕಿದ ಕೂಡ್ಲೆ ಅಂಗಳದ ಗದ್ದಲ ಒಂದೂ ಕೇಳದಂಗಾತು. ರಾಜಶ್ರೀ ಹೊರಸಿನ ಕೆಳಗಿಂದ ಬಂದು ಫ್ರಾಕು ತಲಿ ಮ್ಯಾಲಿಂದ ಇಳಿಬಿಟ್ಟಗೊಂಡ್ಲು. ಬೆನ್ನಿನ ಗುಂಡಿಗೆ ಕೈ ಎಟಕಲಿಲ್ಲ; ಮನ್ಯಾಗ ಅವ್ವನ ಹಾಕತಿದ್ಲು. ದೀಪ ಒಮ್ಮೆ ವಾಲಿತು. ಹಿಂದಿನಿಂದ ಯಾರೋ ಒಂದು ಗುಂಡಿ ಹಾಕಿದ್ರು. ಆಮ್ಯಾಲ ಎರಡನೇದು. ಬೆರಳು ಮಡಕಿ ನೀರಿನಂಗ ತಣ್ಣಗಿದ್ವು. ರಾಜಶ್ರೀ ಅವ್ವನ ಮುಂದ ನಿಲ್ಲೋ ಹಂಗ ಅಲುಗಾಡದ ನಿಂತ್ಲು.

ಬಾಗಿಲ ತಗದಾಗ ಹಳದಿ ಫ್ರಾಕು ತೊಟ್ಟ ಕೂಸು ಎಡಿ ಮುಂದ ನಿಂತಿತ್ತು.

"ಏ ಹುಡುಗಿ, ಎಂಥಾ ಅನಾಹುತ ಮಾಡಿದ್ಯಲೇ!" ಅಂತ ಅಮರಗುಂಡಪ್ಪ ಕೈ ಎತ್ತಿದ. ಅವ್ವ ಓಡಿ ಬಂದ್ಲು. ಕಸ್ತೂರೆಮ್ಮ ಹೊಸ್ತಿಲದಾಗ ಕುಸಿದು ಕುಂತು ಅತ್ಲು. ಫ್ರಾಕು ಕಳೀಬೇಕಂತ ಕೂಸಿನ್ನ ಎಳಕೊಂಡು ಬೆನ್ನು ಸವರಿದ್ಲು. ಐದೂ ಗುಂಡಿ ಹಾಕಿದ್ವು.

"ಗುಂಡಿ ಯಾರವ್ವ ಹಾಕಿದ್ರು?"

"ನೀನ ಹಾಕಿದ್ಯಲ್ಲ, ಮುತ್ತಜ್ಜಿ."

"ನಾ ಹೊರಗಿದ್ನಲ್ಲವ್ವ."

ರಾಜಶ್ರೀ ಮುದುಕಿ ಮಾರಿ ದಿಟ್ಟಿಸಿ ನೋಡಿದ್ಲು. "ಹಂಗಾರ ನೀ ಅಲ್ಲ. ಗುಂಡಿ ಹಾಕಿದ ಮ್ಯಾಲ ತಿರುಗಿ ನೋಡಿದ್ನಿ, ಆಕಿ ನಿನ್ನಂಗ ಇದ್ಲು, ತಲಿ ಬೆಳ್ಳಗಿತ್ತು. ಮಾರಿ ಮ್ಯಾಲ ಇಷ್ಟು ನೆರಿಗಿ ಇದ್ದಿಲ್ಲ. 'ಇದು ನನಗ ಸಣ್ಣದಾಗೈತಿ, ನೀ ತೊಟಗೋ' ಅಂದ್ಲು."

ಅಮರಗುಂಡಪ್ಪನ ಎತ್ತಿದ ಕೈ ತಾನ ಇಳೀತು. ಅಕ್ಕ ಇದ್ದಿದ್ರ ಈಗ ಅರವತ್ತಾರು.

"ಅಯ್ಯ ಶಿವನ!" ಕಸ್ತೂರೆಮ್ಮ ಎದಿ ಬಡಕೊಂಡ್ಲು. "ನನ್ನ ಮಗಳು ಮುದುಕಿ ಆಗ್ಯಾಳ. ನಾನರ ಹುಚ್ಚಿ, ಇನ್ನಾ ಕೂಸಿನ ಅರಿವಿ ಇಡಾಕತ್ತೀನಿ. ಹೆಂಗ ತೊಡಬೇಕು ಆಕಿ?"

ಹಬ್ಬಕ್ಕ ತನಗ ತಂದಿದ್ದ ಹೊಸ ಇಳಕಲ್ ಸೀರಿ ತರಿಸಿ ಎಡಿ ಮುಂದ ಇಟ್ಲು. ಎಲ್ಲಾರೂ ಮತ್ತ ಅಂಗಳಕ್ಕ ಬಂದ್ರು. ಈ ಸಲ ಅಜ್ಜ ಒಬ್ಬೊಬ್ಬರ ಮಾರಿ ಹಿಡಿದು ಎಣಿಸಿದ. ರಾಜಶ್ರೀ ಅವ್ವನ ಸೊಂಟ ಬಿಡಲಿಲ್ಲ, ಫ್ರಾಕೂ ಯಾರೂ ಕಳೀಲಿಲ್ಲ. ಬಾಗಿಲ ಮುಚ್ಚಿದ್ರು.

ಜರಾ ಹೊತ್ತಿಗೆ ಒಳಗ ಹೊಸ ಸೀರಿ ಮಡಿಕಿ ಬಿಚ್ಚಿ ಝಾಡಿಸೋ ಸಪ್ಪಳ ಆತು. ಹುಡುಗ್ರು ದೊಡ್ಡವರ ಹಿಂದ ಸರಿದ್ವು. ಕಸ್ತೂರೆಮ್ಮ ಒಬ್ಬಾಕಿನ ಮುಂದ ಹೋಗಿ ಬಾಗಿಲಿಗೆ ಬಾಯಿ ಹಚ್ಚಿದ್ಲು.

"ಪಂಪವ್ವಾ, ನಿಧಾನಕ್ಕ ಉಟಗೋ. ಯಾರೂ ಬಾಗಿಲ ತಗಿಯಂಗಿಲ್ಲ."