ಓರಗಿತ್ತಿಯ ಗುಳ್ಳೆಗಳು

ಪ್ರಯೋಗಾಲಯದ ಗಾಜಿನ ಪಾತ್ರೆಗಳನ್ನು ಹದಿನೆಂಟು ವರ್ಷ ತೊಳೆದವಳು ದೊಡ್ಡ ಸೊಸೆ. ಓರಗಿತ್ತಿಗೆ ಅಲ್ಲಿ ಕೆಲಸ ಕೊಡಿಸಿದ್ದು ತಾನೇ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಎರಡೇ ವರ್ಷದಲ್ಲಿ ಚಿಕ್ಕವಳು ಪಾತ್ರೆ ತೊಳೆಯುವ ತೊಟ್ಟಿ ಬಿಟ್ಟು, ನಿಕ್ಕಲ್ ತಗಡಿಗೆ ಲೇಪ ಹಚ್ಚುವ ಮೇಜಿಗೆ ಹೋದಳು. ಆಮೇಲೆ ಆ ಮಾತು ನಿಂತಿತು.

ತಗಡನ್ನು ಕ್ಷಾರದ ನೀರಿನಲ್ಲಿಟ್ಟು ಬಿಸಿಲಿನ ಕರೆಂಟು ಹರಿಸಿದರೆ ನೀರು ಒಡೆದು, ಉರುವಲಾಗಬಲ್ಲ ಜಲಜನಕ ಬರುತ್ತದೆ. ಲೇಪ ಚೆನ್ನಾಗಿದ್ದಷ್ಟೂ ಅದೇ ಬಿಸಿಲಿಗೆ ಹೆಚ್ಚು ಗುಳ್ಳೆ. ಚಿಕ್ಕವಳ ಲೇಪ ಗೆದ್ದರೆ ಮಹಡಿಯಲ್ಲಿ ಜಲಜನಕ ತಯಾರಿಸುವ ದೊಡ್ಡ ಯಂತ್ರದ ಉಸ್ತುವಾರಿ ಅವಳಿಗೆ. ಅಂದರೆ ಪಾತ್ರೆ ತೊಳೆಯುವ ದೊಡ್ಡವಳೂ ಅವಳ ಕೈಕೆಳಗೆ! ನಿನ್ನೆ ಮೊನ್ನೆ ಬಂದವಳ ಕೈಕೆಳಗೆ ದುಡಿಯುವುದೇ? ಹೊಟ್ಟೆ ಧಗಧಗ ಉರಿಯಿತು.

ಪ್ರತಿ ಪಾತ್ರೆಯನ್ನೂ ಆಮ್ಲದಲ್ಲಿ ತೊಳೆಯಲೇಬೇಕು, ಎಳ್ಳಷ್ಟು ಕೊಳೆಯೂ ಇರಕೂಡದು ಎಂಬುದು ಅಲ್ಲಿನ ಕಟ್ಟಳೆ. ಲೇಪದ ಪರೀಕ್ಷೆಯ ದಿನ ದೊಡ್ಡವಳು ಓರಗಿತ್ತಿಯ ಪಾತ್ರೆಯನ್ನು ಕಬ್ಬಿಣದ ನಾರಿನಲ್ಲಿ ಗಸಗಸ ಉಜ್ಜಿ, ಆಮ್ಲ ತೋರಿಸದೆ ಹಾಗೇ ಇಟ್ಟಳು. ಕೆಡಲಿ ಎಂದೇ ಇಟ್ಟಳು.

ಗುಳ್ಳೆಗಳು ಎಸರು ಕುದಿದ ಹಾಗೆ ಎದ್ದವು. ಚಿಕ್ಕವಳು ಬರೆದಿಟ್ಟ ಅಂಕಿ ನೋಡಿ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವಳ ಬೆನ್ನು ತಟ್ಟಿದರು. ದೊಡ್ಡವಳಿಗೆ ಅಂದು ಊಟ ಸೇರಲಿಲ್ಲ.

ಮರುದಿನದಿಂದ ಅವಳು ಸಿಕ್ಕಿಬಿದ್ದೇನೆಂದು ಹೆದರಿ ಪಾತ್ರೆಗಳನ್ನು ನೆಟ್ಟಗೆ ತೊಳೆದಳು. ಅದೇ ಲೇಪವನ್ನು ಮೂರು ಸಲ ಪರೀಕ್ಷಿಸಿ ನೋಡಿದರೂ ಗುಳ್ಳೆ ನಾಲ್ಕೇ ನಾಲ್ಕು. ಅಂಕಿ ಸುಳ್ಳು ಬರೆದಿದ್ದೀಯ, ಹೀಗಾದರೆ ಕೆಲಸ ಬಿಡಬೇಕಾಗುತ್ತದೆ ಎಂದರು ಮೇಡಂ ಚಿಕ್ಕವಳಿಗೆ. ದೊಡ್ಡವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅವತ್ತಿನ ಪಾತ್ರೆಯಲ್ಲೇ ಏನಾದರೂ ಇತ್ತೇ ಎಂದು ಮೇಡಂ ಕೇಳಿದಾಗ ಚಿಕ್ಕವಳು ಕಣ್ಣೊರೆಸಿಕೊಂಡು ಹೇಳಿದಳು:

"ಇಲ್ಲ ಮೇಡಂ. ತೊಳೆದಿದ್ದು ನಮ್ಮಕ್ಕ. ಅವರ ಕೆಲಸದಲ್ಲಿ ತಪ್ಪಿರಲ್ಲ."

ಹದಿನೆಂಟು ವರ್ಷದಲ್ಲಿ ಯಾರೂ ಆಡದ ಮಾತು ಅದು. ಹೊಗಳಿಕೆ ಅವಳ ಬಾಯಿಂದಲೇ ಬರಬೇಕೇ? ದೊಡ್ಡವಳಿಗೆ ತಡೆಯಲಾಗಲಿಲ್ಲ.

"ನಾನು ತೊಳೆದಿರ್ಲಿಲ್ಲ ಮೇಡಂ. ಕಬ್ಬಿಣದ ನಾರಲ್ಲಿ ಉಜ್ಜಿ ಹಾಗೇ ಇಟ್ಟಿದ್ದೆ. ಇವಳದು ಕೆಡ್ಲಿ ಅಂತ."

ಮೇಡಂ ಬೈಯಲಿಲ್ಲ. ಚೊಕ್ಕ ಪಾತ್ರೆಯೊಂದನ್ನು ತರಿಸಿ, ಚಿಟಿಕೆ ಕಬ್ಬಿಣದ ಲವಣ ಹಾಕಿದರು. ಗುಳ್ಳೆಗಳು ಮತ್ತೆ ಎದ್ದವು. ನಿಕ್ಕಲ್ಲಿಗೆ ಬೇಕಾಗಿದ್ದದ್ದು ಅಂದು ನಾರಿನಿಂದ ಉದುರಿ ಪಾತ್ರೆಯಲ್ಲಿ ಉಳಿದಿದ್ದ ಆ ಚೂರು ಕಬ್ಬಿಣವೇ.

ಉಸ್ತುವಾರಿ ಚಿಕ್ಕವಳಿಗೇ ಸಿಕ್ಕಿತು. ದೊಡ್ಡವಳ ಕೆಲಸ ಉಳಿದದ್ದು ಚಿಕ್ಕವಳು ಮೇಡಂ ಹತ್ತಿರ ಬೇಡಿಕೊಂಡದ್ದರಿಂದ. ಮೊದಲ ದಿನವೇ ಅವಳು ತೊಟ್ಟಿಯ ಬಳಿ ಬಂದು, "ಬೇಜಾರು ಬಿಡಿ ಅಕ್ಕ, ನಿಮ್ಮಿಂದಾನೇ ಗೆದ್ದೆ" ಎಂದು ನಕ್ಕಳು.

ದೊಡ್ಡವಳು ತಲೆಯೆತ್ತದೆ ಪಾತ್ರೆ ತೊಳೆದಳು. ತಾನು ಮಾಡಿದ ಕೇಡೂ ಅವಳ ಒಳಿತಿಗೇ ಆಯಿತಲ್ಲ ಎಂದು ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.